ಲೆಕ್ಕದಕ್ಕ ಬರೆದ ಬಡ್ಡಿಯ ಪ್ರೋಗ್ರಾಂ

ಆಸ್ಪತ್ರೆಯ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಲೆಕ್ಕದಕ್ಕ ಎಂದು. ಹೊಟ್ಟೆಪಾಡಿಗೆ ಇಸ್ತ್ರಿ, ಆ ಹೆಸರು ಬಂದದ್ದು ಉಳಿತಾಯದ ಪುಸ್ತಕದಿಂದ. ಅವಳೂ ಸೇರಿ ನಲವತ್ತೆರಡು ಹೆಂಗಸರು ಕೂಡಿಟ್ಟ ಹಣಕ್ಕೆ ಇಪ್ಪತ್ತಾರು ವರ್ಷಗಳಿಂದ ಅವಳೇ ಬಡ್ಡಿ ಲೆಕ್ಕ ಹಾಕುತ್ತಿದ್ದಳು. ಒಂದು ಕಾಸಿನ ತಕರಾರು ಬಂದದ್ದಿಲ್ಲ.

ಈಗ ಕಣ್ಣಿಗೆ ಪೊರೆ ಬಂದಿತ್ತು. ಮೂರು ಯಾವುದು, ಎಂಟು ಯಾವುದು ತಿಳಿಯುತ್ತಿರಲಿಲ್ಲ. ಶನಿವಾರ ವರ್ಷದ ಬಡ್ಡಿ ಹಂಚಬೇಕು. ಅಕ್ಕನ ಕೈಲಾಗದಿದ್ದರೆ ಅವರವರ ದುಡ್ಡು ಅವರವರು ತಗೊಂಡು ಉಳಿತಾಯದ ಕೂಟ ಮುಚ್ಚೋಣ ಎಂದು ಹೆಂಗಸರು ಗುಸುಗುಸು ಮಾಡಿದ್ದು ಅವಳ ಕಿವಿಗೂ ಬಿದ್ದಿತ್ತು. ಕಿವಿಗೇನು ಪೊರೆ ಬಂದಿರಲಿಲ್ಲವಲ್ಲ!

ಅವಳ ತಂಗಿಯ ಮಗಳು ಕಂಪ್ಯೂಟರ್ ಕಲಿಸುವವಳು; ನೆರವಿಗೆ ಬಂದಳು. ಆದರೆ, "ನಾನು ಬರ್ಕೊಡಲ್ಲ ದೊಡ್ಡಮ್ಮ. ಲೆಕ್ಕ ನಿಮ್ದು, ನೀವೇ ಬರೀಬೇಕು," ಎಂದು ಪಟ್ಟು ಹಿಡಿದಳು. ಪರದೆಯ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ, ಬಟ್ಟೆ ಮಡಿಸುವ ಮೇಜಿನ ಮೇಲೆ ಯಂತ್ರವನ್ನಿಟ್ಟಳು.

ಮೂರು ಸಂಜೆ ಹಿಡಿಯಿತು. ಅಸಲು ಇಷ್ಟು, ದರ ಇಷ್ಟು, ಇಟ್ಟ ತಾರೀಕು, ಕೊನೆಯ ತಾರೀಕು, ಗುಣಿಸು, ನೂರರಿಂದ ಭಾಗಿಸು, ಮುನ್ನೂರ ಅರವತ್ತೈದರಿಂದ ಭಾಗಿಸು. ಲೆಕ್ಕದಕ್ಕ ಒಂದೊಂದೇ ಅಕ್ಷರ ಒತ್ತಿದಳು. ಇಪ್ಪತ್ತಾರು ವರ್ಷದ ತಲೆನೋವು ಏಳು ಸಾಲಿನಲ್ಲಿ ಮುಗಿದಿತ್ತು. ಅವಳಿಗೆ ನಂಬಲಾಗಲಿಲ್ಲ.

"ಇಷ್ಟೇನಾ? ನಾನು ಏನೋ ಮಹಾ ಅಂದ್ಕೊಂಡಿದ್ನಲ್ಲೇ!"

ಹೋದ ವರ್ಷದ ಪುಸ್ತಕದೊಂದಿಗೆ ತಾಳೆ ನೋಡಿದರು. ನೋಡಿದ ಮೊದಲ ಐದು ಹೆಸರಿಗೂ ಯಂತ್ರದ ಲೆಕ್ಕದಲ್ಲಿ ಒಂದು ದಿನದ ಬಡ್ಡಿ ಕಡಿಮೆ! ಲೆಕ್ಕದಕ್ಕ ಪುಸ್ತಕವನ್ನು ಕಣ್ಣಿನ ಹತ್ತಿರ ಎಳೆದುಕೊಂಡಳು. ಇಷ್ಟು ವರ್ಷವೂ ತಪ್ಪು ಲೆಕ್ಕ ಕೊಟ್ಟೆನೇ?

"ಈ ತಾರೀಕಿಂದ ಆ ತಾರೀಕು ಕಳೀತಿದೆ, ಅಷ್ಟೆ. ನೀವು ಹೇಳಿದ್ದೇ ಅಷ್ಟು," ಎಂದಳು ಹುಡುಗಿ.

ಲೆಕ್ಕದಕ್ಕ ಕಣ್ಣು ಮುಚ್ಚಿ ಬೆರಳು ಮಡಿಸಿದಳು. ಆಗ ಹೊಳೆಯಿತು. ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ ದಿನಕ್ಕೂ ಕೂಲಿ, ಬಿಟ್ಟ ದಿನಕ್ಕೂ ಕೂಲಿ. ಹಣದ ದಿನಗಳನ್ನೂ ಅವಳು ಹಾಗೆಯೇ ಎಣಿಸುತ್ತಿದ್ದಳು. ಕೈ ಎಷ್ಟು ಪಳಗಿತ್ತೆಂದರೆ, ಅದನ್ನು ಯಂತ್ರಕ್ಕೆ ಹೇಳಬೇಕೆಂದೇ ತೋಚಿರಲಿಲ್ಲ.

"ಹೇಳದೆ ಇದ್ರೆ ಅದಕ್ಕಾದ್ರೂ ಹೆಂಗೆ ಗೊತ್ತಾಗ್ಬೇಕು, ಪಾಪ," ಎಂದು ಅವಳು ದಿನಗಳ ಲೆಕ್ಕಕ್ಕೆ ಒಂದು ಕೂಡಿಸಿದಳು.

ಹುಡುಗಿ ಹೋದ ವರ್ಷದ ಪುಸ್ತಕ ನೋಡಿ ಎಲ್ಲರ ಅಸಲು, ತಾರೀಕು ತುಂಬಿದಳು. ಗುಂಡಿ ಒತ್ತಿದ್ದೇ ತಡ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲರ ಬಡ್ಡಿ ಪರದೆಯ ಮೇಲಿತ್ತು. ಲೆಕ್ಕದಕ್ಕನ ಎಂಟು ಭಾನುವಾರ ತಿನ್ನುತ್ತಿದ್ದ ಕೆಲಸ! ಲೆಕ್ಕದಕ್ಕನ ಮೈ ಜುಮ್ಮೆಂದಿತು. ತನ್ನ ತಲೆಯೊಳಗೆ ಇದ್ದದ್ದು ಎದುರಿಗೆ ಬಂದು ಕೂತು ದುಡಿಯುತ್ತಿದೆಯಲ್ಲ ಎಂದು ಬಾಯಿ ಬಿಟ್ಟುಕೊಂಡು ನೋಡಿದಳು. ಕೂಟ ಉಳಿಯಿತು. ಇನ್ನು ನಿಶ್ಚಿಂತೆಯಿಂದ ಕಣ್ಣಿನ ಆಪರೇಷನ್ನಿಗೆ ಹೋಗಬಹುದು.

ಹುಡುಗಿ ಬೆರಳಿಟ್ಟು ಒಂದೊಂದನ್ನೇ ಓದಿದಳು. ನಲವತ್ತೊಂದು ತಾಳೆಯಾದವು.

"ಇದೊಂದು ತಾಳೆ ಆಗ್ತಿಲ್ಲ ದೊಡ್ಡಮ್ಮ. ಪುಸ್ತಕದಲ್ಲಿ ಒಂದು ದಿನ ಕಡಿಮೆ ಇದೆ. ಹಿಂದಿನ ವರ್ಷದ್ದೂ ಹಾಗೇ, ಅದರ ಹಿಂದಿನದ್ದೂ ಹಾಗೇ. ಯಾರದಿದು?"

ಹುಡುಗಿ ಹೆಸರು ನೋಡಿ ತಲೆಯೆತ್ತಿದಳು.

"ಪುಸ್ತಕ ನನ್ ಕೈಲಿರೋದು ಕಣೇ," ಎಂದಳು ಲೆಕ್ಕದಕ್ಕ. "ಆ ಒಂದು ದಿನ ನನಗೆ ನಾನೇ ಹೆಂಗೆ ಹಾಕ್ಕೊಳ್ಳಲಿ?"

"ನಿಮ್ಮದು ಮಾತ್ರ ಕಡಿಮೆ ಬರ್ಬೇಕು ಅಂದ್ರೆ ಬೇರೆ ಸಾಲು ಬರೀಬೇಕಾಗುತ್ತೆ. ಬರೀತೀರಾ?"

ಲೆಕ್ಕದಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ತನ್ನ ಅಂಕಿಯನ್ನು ಹುಡುಕಿದಳು. ಸಿಕ್ಕಿತು. ಕಣ್ಣು ತುಂಬಿ ಮತ್ತೆ ಮಸುಕಾಯಿತು.

"ಬೇಡ ಬಿಡು," ಎಂದಳು. "ಈ ಯಂತ್ರ ನನ್ನೂ ಎಲ್ಲರ ಜೊತೆ ಕೂರಿಸಿದೆ."