ಮಾತ್ರೆ ಲೆಕ್ಕದ ಅಲ್ದಾ

ಗುವಾರ್ದಾ ಜಿಲ್ಲೆಯ ವೃದ್ಧಾಶ್ರಮಗಳ ಮೇಲೆ ಬರುವ ದೂರುಗಳನ್ನು ಇಪ್ಪತ್ತಾರು ವರ್ಷ ತನಿಖೆ ಮಾಡಿದವರು ಅಲ್ದಾ ವಲಾದಸ್. ಕೊನೆಯ ಒಂಬತ್ತು ವರ್ಷ ಅವರ ಕಾರು ಓಡಿಸಿದವನು ನಾನು. ಅವರು ಕಾಲಿಟ್ಟ ಕೋಣೆಯಲ್ಲಿ ಮಾತು ನಿಂತುಹೋಗುತ್ತಿತ್ತು. ನಮ್ಮ ಕಚೇರಿಯಲ್ಲೂ ಅಷ್ಟೆ. ಯಾರದೋ ಅತ್ತಿಗೆ, ಯಾರದೋ ಭಾವ ನಡೆಸುವ ಆಶ್ರಮದ ಮೇಲೆ ಅವರು ಒಂದಲ್ಲ ಒಂದು ದಿನ ವರದಿ ಬರೆದಿರುತ್ತಿದ್ದರು. ಅವರಿಗೆ ಯಾರ ಮದುವೆಗೂ ಕರೆಯಿರಲಿಲ್ಲ, ಕ್ರಿಸ್ಮಸ್ ಊಟಕ್ಕೂ ಇರಲಿಲ್ಲ. ಸ್ವಂತದವರೆಂದರೆ ಫ್ರಾನ್ಸಿನಲ್ಲಿದ್ದ ಒಬ್ಬ ತಂಗಿ.

ಒಂದು ನವೆಂಬರಿನಲ್ಲಿ ಹೆಸರಿಲ್ಲದ ಕಾಗದವೊಂದು ಬಂತು. ಬೆಟ್ಟದ ಮೇಲಿನ ಆಶ್ರಮವೊಂದರಲ್ಲಿ ಮಾತ್ರೆಗಳು ಅದಲುಬದಲಾಗುತ್ತಿವೆ, ಕೊಡುವವರಿಗೆ ಯಾರೂ ಕಲಿಸಿಲ್ಲ ಎಂದು ಅದರಲ್ಲಿತ್ತು. ಮರುದಿನವೇ ಹೊರಟೆವು.

ಮೇಲ್ವಿಚಾರಕಿಗೆ ಸುದ್ದಿ ಮೊದಲೇ ಮುಟ್ಟಿತ್ತೇನೋ, ಕಾಗದಪತ್ರಗಳನ್ನೆಲ್ಲ ಜೋಡಿಸಿಟ್ಟುಕೊಂಡೇ ಕಾದಿದ್ದರು. ಎಲ್ಲರಿಗೂ ತರಬೇತಿ ಆಗಿದೆ, ಪ್ರತಿಯೊಬ್ಬರ ಸಹಿಯೂ ಇದೆ, ದೂರು ಯಾರೋ ಹೊಟ್ಟೆಕಿಚ್ಚಿನವರದು ಎಂದರು. ಅಲ್ದಾ ಹಜಾರಕ್ಕೆ ನಡೆದರು. ಫೈಲು ಹಿಡಿದು ನಾನೂ ಹಿಂದೆಯೇ ಹೋದೆ. ಕಿಟಕಿಯ ಬಳಿ ಕೂತಿದ್ದ ಅಬೀಲಿಯೊ ಎಂಬ ಹಿರಿಯರು, ಹಿಂದೆ ರೈಲ್ವೆ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು, ಅಲ್ದಾರನ್ನು ಹತ್ತಿರ ಕರೆದು ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಹಳದಿ ಮಾತ್ರೆಗಳಿದ್ದವು.

“ನಂದು ಬಿಳೀದು ಕಣಮ್ಮ, ಬೀಪೀದು. ಇದು ಪಕ್ಕದ ರೂಮಿನ ಅದೆಲೀನೊನ್ದು, ನಿದ್ದೆ ಮಾತ್ರೆ. ಒಂದು ವಾರ ನುಂಗಿ ಸೂಪಿನ ಬಟ್ಟಲಲ್ಲೇ ಮುಖ ಇಟ್ಟು ಮಲಗಿದ್ದೆ. ಆಮೇಲೆ ಉಗುಳೋಕೆ ಶುರುಮಾಡ್ದೆ. ಹೇಳಿದ್ರೆ ಮುದುಕಂಗೆ ಅರಳುಮರಳು ಅಂತಾರೆ. ನಲವತ್ತು ವರ್ಷ ಕೆಂಪು ಯಾವ್ದು, ಹಸಿರು ಯಾವ್ದು ಅಂತ ನೋಡ್ಕೊಂಡೇ ಬದುಕಿದೋನು ನಾನು. ಬಣ್ಣ ಗೊತ್ತಾಗಲ್ವಾ?”

ಆ ಅದೆಲೀನೊ ತಿಂಗಳಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದರು. ಇವರ ಬೀಪಿ ಮಾತ್ರೆ ಅವರ ಹೊಟ್ಟೆ ಸೇರುತ್ತಿತ್ತು.

ಮಾತ್ರೆ ಹಂಚುತ್ತಿದ್ದವಳು ಇವೊನೆ. ಅಡುಗೆಮನೆಯಲ್ಲಿದ್ದವಳನ್ನು ಆಳಿಲ್ಲವೆಂದು ಆ ಕೆಲಸಕ್ಕೆ ಹಾಕಿದ್ದರು. ಅಲ್ದಾ ಅವಳನ್ನು ಉಗ್ರಾಣಕ್ಕೆ ಕರೆದು ಬಾಗಿಲು ಹಾಕಿಕೊಂಡರು. ಒಳಗೆ ನಡೆದ ಮಾತು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ, ಇವೊನೆಯ ಬಾಯಿಂದಲೇ.

“ನಂಗೆ ಸೂಪ್ ಮಾಡೋದು ಗೊತ್ತು, ಮಾತ್ರೆ ಯಾರೂ ಹೇಳ್ಕೊಡ್ಲಿಲ್ಲ,” ಎಂದಿದ್ದಳಂತೆ ಅವಳು. “ಹಾಳೆ ಮುಂದಿಟ್ಟು ಸಹಿ ಹಾಕು ಅಂದ್ರು, ಹಾಕ್ದೆ. ಆ ಕಾಗದ ಬರೆದೋಳೂ ನಾನೇ, ಅಲ್ದಾ ಮೇಡಂ. ನನ್ನ ಕೈಯಿಂದ ಯಾರಾದ್ರೂ ಸತ್ರೆ ಅಂತ ಹೆದರಿಕೆ ಆಯ್ತು. ಯಾರಿಗೂ ಹೇಳ್ಬೇಡಿ.”

“ಅದನ್ನ ಹೇಳಲ್ಲ,” ಎಂದಿದ್ದರಂತೆ ಅಲ್ದಾ. “ಆದ್ರೆ ನಿನ್ನಿಂದ ಆದ ತಪ್ಪನ್ನ ಬರೀದೆ ಇರೋಕಾಗಲ್ಲಮ್ಮ.”

“ಬರೀರಿ.”

ಬರೆದರು. ಕಲಿಸದೆ ಕೈಗೆ ಮಾತ್ರೆಯ ತಟ್ಟೆ ಕೊಟ್ಟವರದೇ ದೊಡ್ಡ ತಪ್ಪು ಎಂದೂ ಬರೆದರು. ಮೇಲ್ವಿಚಾರಕಿಯ ಕೆಲಸ ಹೋಯಿತು. ಇವೊನೆಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಜೊತೆಗೆ ನರ್ಸೊಬ್ಬರು ಬಂದು ಆರು ವಾರ ಕಲಿಸಿದರು.

ಮಾರ್ಚಿನಲ್ಲಿ ಮರುತಪಾಸಣೆಗೆ ಹೋದೆವು. ಇವೊನೆ ಒಬ್ಬೊಬ್ಬರ ಹೆಸರು ಕೇಳಿ, ಪಟ್ಟಿಯ ಮೇಲೆ ಬೆರಳಿಟ್ಟು ನೋಡಿ ಮಾತ್ರೆ ಕೊಡುತ್ತಿದ್ದಳು. ಅಬೀಲಿಯೊ ಇಸ್ಪೀಟು ಆಡುತ್ತಾ ಎದುರಿಗಿದ್ದವರನ್ನು ರೇಗಿಸುತ್ತಿದ್ದರು. ಇವೊನೆ ಅಲ್ದಾರ ಪಕ್ಕದಿಂದಲೇ ಎರಡು ಸಲ ಹಾದುಹೋದರೂ ತಲೆ ಎತ್ತಲಿಲ್ಲ. ಪರಿಚಯ ತೋರಿಸಿದರೆ ಕಾಗದ ಬರೆದದ್ದು ಯಾರೆಂದು ಉಳಿದವರು ಊಹಿಸಿಬಿಡುತ್ತಿದ್ದರು. ನನಗೆ ಆಗ ಇದು ಗೊತ್ತಿರಲಿಲ್ಲ. ಎಂಥ ಗರ್ವದ ಹೆಂಗಸು ಅಂದುಕೊಂಡೆ.

ಇಳಿದು ಬರುವಾಗ ಅಲ್ದಾ ಕೆಳಗಿನ ಊರಿನ ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಹೇಳಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ, “ಬನ್ನಿ, ಇಬ್ಬರೂ ಊಟ ಮಾಡೋಣ,” ಎಂದರು. ಮನೆಯಲ್ಲಿ ಹೆಂಡತಿ ಕಾಯುತ್ತಿರುತ್ತಾಳೆ ಎಂದೆ. ಕಾಯುತ್ತಿದ್ದದ್ದೂ ನಿಜ. ಅವರು “ಸರಿ, ಹೊರಡಿ. ನಾನು ಬಸ್ಸಿಗೆ ಬರ್ತೀನಿ,” ಎಂದು ಇಳಿದು ಒಳಗೆ ಹೋದರು. ಗಾಜಿನಾಚೆ ಮಾಣಿ ಒಬ್ಬರಿಗಷ್ಟೇ ತಟ್ಟೆ ಇಡುತ್ತಿದ್ದುದು ಕಂಡಿತು. ಜೂನಿನಲ್ಲಿ ಅವರು ನಿವೃತ್ತರಾಗಿ ತಂಗಿಯ ಊರಿಗೆ ಹೋದರು. ಅಷ್ಟರೊಳಗೆ ಮತ್ತೆ ಹಾಗೆ ಊಟಕ್ಕೆ ಕರೆಯಲಿಲ್ಲ, ನಾನೂ ಕರೆಯಲಿಲ್ಲ.