ಬಿಸಿಯಾದರೆ ನಿಲ್ಲಿಸಬಾರದ ಗಾಡಿ

ಮೈಸೂರಿನಿಂದ ಯಳಂದೂರಿಗೆ ಹೊರಟದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ವರ್ಷ ಅರವತ್ತೈದೋ ಅರವತ್ತಾರೋ ಇರಬೇಕು. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ರಸ್ತೆಯಲ್ಲಿ ಧೂಳಿಗೆ ಕೊರತೆಯಿರಲಿಲ್ಲ. ಊರು ನೋಡುವ ಹುಮ್ಮಸ್ಸಿನಿಂದ ಕೈಗೊಂಡ ಪ್ರಯಾಣವಲ್ಲ ಇದು. ಭಾವ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಮೋಟಾರ್ ಸೈಕಲ್ಲು ಹನೂರಿನಲ್ಲಿ ಬಿದ್ದಿತ್ತು. ಅದನ್ನು ತಂದು ಮೈಸೂರಿನಲ್ಲಿ ಯಾರಿಗಾದರೂ ದಾಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಭಾವ ಹನೂರಿನ ಸುತ್ತಿನ ಹಳ್ಳಿಗಳಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಜನರ ಬಾಯಲ್ಲಿ ದನದ ಡಾಕ್ಟ್ರು. ಅಜ್ಜೀಪುರದಾಚೆಯ ಕಾಡುದಾರಿಯಲ್ಲಿ ಆನೆ ಅವರನ್ನು ತುಳಿದು ಹಾಕಿತು. ಆಮೇಲೆ ಅಕ್ಕ ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಯಳಂದೂರಿನ ಅತ್ತೆಮನೆಗೆ ಬಂದು ಸೇರಿದ್ದಳು.

ಕಾಫಿ ಕೊಟ್ಟಳು. ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಬಾಗಿಲು ಮುಂದೆ ಮಾಡಿ ನನ್ನ ಮುಂದೆ ಕೂತಳು.

“ನಂಜು, ಗಾಡಿ ಏನಾದ್ರೂ ಆಗ್ಲಿ. ನನಗೊಂದು ವಿಷ್ಯ ತಿಳ್ಕೊಂಡು ಬಾ. ಆನೆ ಕಂಡ್ರೆ ಇಂಜಿನ್ ಆಫ್ ಮಾಡಿ ಉಸಿರು ಬಿಡದಂಗೆ ನಿಂತ್ಕೋಬೇಕು ಅಂತ ನನಗೇ ಹೇಳಿಕೊಟ್ಟೋರು ಅವ್ರು. ಆವತ್ತು ಜನ ಓಡಿ ಬಂದಾಗ ಬಿದ್ದ ಗಾಡಿ ಇನ್ನೂ ಓಡ್ತಾನೇ ಇತ್ತಂತೆ. ಅವ್ರು ಯಾಕೆ ಆಫ್ ಮಾಡ್ಲಿಲ್ಲ?”

“ಜನ ಏನಂತಾರೆ?”

“ಕುಡಿದಿದ್ರು ಅಂತಾರೆ. ಮೈಯೆಲ್ಲ ವಾಸನೆ ಹೊಡೀತಿತ್ತಂತೆ. ಅವ್ರನ್ನ ಹೆತ್ತ ತಾಯಿ, ನಮ್ಮತ್ತೇನೂ ಅದ್ನೇ ಅಂತಾರೆ. ಹಿಂದೆ ಕೂತಿದ್ದ ಜವಾನ ಮಾದ ಬದುಕ್ಕೊಂಡ. ಈ ಕಡೆ ತಲೆ ಹಾಕಿಲ್ಲ ಅವ್ನು.”

ಭಾವ ಕುಡಿದದ್ದನ್ನು ನಾನಂತೂ ಕಂಡಿರಲಿಲ್ಲ. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವೆಂಬ ಧೈರ್ಯದಿಂದ ಜನ ಏನು ಬೇಕಾದರೂ ಆಡುತ್ತಾರೆ. ನನಗೆ ಮೈ ಉರಿಯಿತು. ಮಧ್ಯಾಹ್ನದ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೊರಟೆ.

ಕೊಳ್ಳೇಗಾಲದಲ್ಲಿ ಇಳಿದರೆ ಮೊದಲು ಸಿಗುವುದು ರೇಷ್ಮೆಗೂಡು ಬೇಯಿಸುವ ನಾತ. ಆ ನಾತದ ನಡುವೆಯೇ ಇತ್ತು ಪುಟ್ಟಬಸಪ್ಪನವರ ಮನೆ. ರೇಷ್ಮೆ ವ್ಯಾಪಾರಿ, ಹಣೆ ತುಂಬ ವಿಭೂತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಆ ಗಾಡಿಯನ್ನು ಹಿಡಿದು ಈ ಸೀಮೆಗೆ ತಂದವರು ಅವರೇ. ಟ್ಯಾಂಕಿನ ಮೇಲಿದ್ದ ಹೆಸರು ಅವರ ಕಾಲದಲ್ಲೇ ಉಜ್ಜಿಹೋಗಿತ್ತಂತೆ. ಹೊಸ ಗಿರಾಕಿಗೆ ಗಾಡಿಯ ಗುಣ ಹೇಳಬೇಕಲ್ಲ, ಅದಕ್ಕೇ ಬಂದೆ ಎಂದೆ. ಅವರ ಮುಖ ಅರಳಿತು.

“ಆಲಂಬಾಡಿ ಓರಿ ಇದ್ದಂಗೆ ಕಣ್ರಿ ಅದು. ಕಲ್ಲಿರ್ಲಿ, ಮುಳ್ಳಿರ್ಲಿ, ಒಳೆ ಮರಳಿರ್ಲಿ, ನುಗ್ತದೆ. ಆದ್ರೆ ಒದ್ದು ಸ್ಟಾಟ್ ಮಾಡುವಾಗ ತಿರುಗ್ಸಿ ಒದೀತದೆ. ನೋಡಿ ಇಲ್ಲಿ.” ಪಂಚೆ ಎತ್ತಿ ಮೊಣಕಾಲ ಕೆಳಗಿನ ಉಬ್ಬು ತೋರಿಸಿದರು. ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. “ಇನ್ನೊಂದು ಚಾಳಿ ಅದೆ. ಬಿಸಿಯಾದಾಗ ಆಫ್ ಮಾಡುದ್ರೆ ಮುಗೀತು. ಅರಿಹರ ಬ್ರಹ್ಮ ಬಂದು ಒದ್ರೂವೆ ಏಳಕಿಲ್ಲ. ಗೋಣಿ ನೆನೆಸಿ ಇಂಜಿನ್ ಮ್ಯಾಲಾಕಿ, ಎಲಡಿಕೆ ಆಕ್ಕಂಡು ಕುಂತಿರ್ಬೇಕು. ಅದ್ಕೇ ಮಾರ್ಬುಟ್ಟೆ.”

ಕಾಲು ಮುರಿಸಿಕೊಂಡವರ ದನಿಯಲ್ಲಿ ಅಷ್ಟೊಂದು ಹೆಮ್ಮೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಒಂದು ಗೋಣಿಚೀಲ ಸುತ್ತಿ ಕೈಗೆ ಕೊಟ್ಟು, ಊಟ ಹಾಕಿ, ರಾತ್ರಿ ಅಲ್ಲೇ ಉಳಿಸಿಕೊಂಡರು.

ಮರುದಿನ ಹನೂರು, ಹದಿನೈದು ಹದಿನಾರು ಮೈಲಿ. ಬಸ್ಸಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ತಮಿಳು. ಈ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದು ಮೊನ್ನೆ ಮೊನ್ನೆಯವರೆಗೆ ತಾನೆ. ಕಂಡಕ್ಟರನನ್ನು ಆನೆಯ ವಿಚಾರ ಕೇಳಿದೆ. ಕಾಡಲ್ಲಿ ಅಡ್ಡ ಬಂದರೆ ಡ್ರೈವರ್ ಇಂಜಿನ್ ನಿಲ್ಲಿಸುತ್ತಾನೆ, ಕಂಕುಳ ಕೂಸಿನ ಬಾಯಿಗೂ ಸೆರಗು ಮುಚ್ಚುತ್ತಾರೆ, ಅದು ತನ್ನ ಪಾಡಿಗೆ ಹೋಗುತ್ತದೆ ಎಂದ. ಇಷ್ಟು ಈ ಕಡೆಯ ಎಲ್ಲರಿಗೂ ಗೊತ್ತಿದ್ದ ವಿಷಯ.

ಗಾಡಿ ಇದ್ದದ್ದು ಮುನುಸಾಮಿಯ ಸೈಕಲ್ ಶಾಪಿನಲ್ಲಿ. ಪುಟ್ಟಬಸಪ್ಪನವರಿಂದ ಕೊಂಡು ಕೆಲವು ಕಾಲ ಓಡಿಸಿ ಭಾವನಿಗೆ ಮಾರಿದವನು ಅವನೇ. ಆನೆ ಕೆಡವಿದ ಮೇಲೆ ಎತ್ತಿ ತಂದು ಹ್ಯಾಂಡಲ್ ನೆಟ್ಟಗೆ ಮಾಡಿದವನೂ ಅವನೇ. ಮುಂದಿನ ದೀಪ ಇರಲಿಲ್ಲ, ಟ್ಯಾಂಕ್ ಒಂದು ಪಕ್ಕ ಒಳಕ್ಕೆ ಹೋಗಿತ್ತು. ಇಂಜಿನ್ನಿಗೆ ಮಾತ್ರ ಏನೂ ಆಗಿರಲಿಲ್ಲ. ನನಗೆ ಅದನ್ನು ಕಂಡು ಅಸಹ್ಯವಾಯಿತು. ಪುಟ್ಟಬಸಪ್ಪನವರು ಹೇಳಿದ್ದನ್ನು ಅವನ ಮುಂದೆ ಎತ್ತಿದೆ.

“ಪುಟ್ಟಬಸಪ್ಪ ಏಳೋದು ಸುಳ್ಳು ಸಾ,” ಎಂದ ಮುನುಸಾಮಿ. ಗಾಡಿ ಅವನ ಬಾಯಲ್ಲಿ ವಂಡಿ. “ವಂಡಿ ಒದೆಯಕಿಲ್ಲ. ಅವ್ರಿಗೆ ಒದೆಯಕ್ ಬರಕಿಲ್ಲ, ಅಷ್ಟೆ. ಆದ್ರೆ ಬಿಸಿ ವಿಷ್ಯ ನಿಜ. ಡಾಕ್ಟ್ರಿಗೆ ನಾನೇ ಏಳಿದ್ದೆ, ಟೀ ಕುಡಿಯಕ್ಕೂ ಆಫ್ ಮಾಡಬ್ಯಾಡಿ ಅಂತ. ಆಮಾ ಸಾ, ಅವ್ರು ಟೀ ಕುಡೀತಿದ್ದಿದ್ದೇ ನಿಂತ್ಕಂಡು. ಪಕ್ಕದಲ್ಲಿ ವಂಡಿ ಬಡ್ಕತಾ ಇರ್ತಿತ್ತು. ದನಕ್ಕೆ ಸೂಜಿ ಚುಚ್ಚುವಾಗ್ಲೂ ಅಂಗೇ. ದನ ಬೆದರಿ ಅಗ್ಗ ಕಿತ್ಕಂಡು ಓಗವು, ಜನ ಬಯ್ಯೋರು.”

ನಗುತ್ತಿದ್ದವನು ತಟ್ಟನೆ ನಿಲ್ಲಿಸಿ ಹಳೆಯ ಚಿಂದಿಯಿಂದ ಸೀಟು ಒರೆಸತೊಡಗಿದ.

ಅಲ್ಲಿಂದ ಅಜ್ಜೀಪುರಕ್ಕೆ ಗಾಡಿಯ ಮೇಲೆಯೇ ಹೋದೆ. ಓಡಿಸಿದ ಮೇಲೆ ನನ್ನದೂ ಒಂದು ಮಾತು ಹೇಳಬಹುದು. ಟಾರಿನ ಮೇಲೆ ಅದು ಮೊಂಡು, ಎತ್ತಿನ ಗಾಡಿಯ ಜಾಡಿಗೆ ಇಳಿದರೆ ಹಗುರ. ಕಲ್ಲಿನ ಮೇಲೆ ಸವಾರನನ್ನು ಕೇಳದೆ ತಾನೇ ದಾರಿ ಹುಡುಕುತ್ತದೆ. ಹಾಳಾದ್ದು, ಅದರ ಮೇಲೆ ಕೂತರೆ ಖುಷಿಯಾಗುತ್ತದೆ. ಹಾಗೆ ಖುಷಿಯಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಜ್ಜೀಪುರದಲ್ಲಿ ಹುಣಸೆಮರದ ನೆರಳಿಗೆ ನಿಲ್ಲಿಸಿದೆ, ಆಫ್ ಮಾಡಲಿಲ್ಲ.

ಸದ್ದು ಕೇಳಿಯೇ ಮಾದ ಮನೆಯಿಂದ ಹೊರಗೆ ಬಂದ. ನಲವತ್ತು ದಾಟಿದ ಆಳು. ನಾನು ಯಾರೆಂದು ಹೇಳಿದ ಮೇಲೆ ಸದ್ದು ಕಿವಿಗೆ ಬೀಳದಷ್ಟು ದೂರದ ಬಾವಿಕಟ್ಟೆಗೆ ಕರೆದುಕೊಂಡು ಹೋದ.

“ಕುಡ್ದಿದ್ರು ಅಂದೋರ ನಾಲ್ಗೆ ಬಿದ್ದೋಗ,” ಎಂದ. “ಮದ್ದಿನ ಪೆಟ್ಟಿಗೇಲಿ ಸೂಜಿ ತೊಳೆಯೋ ಸ್ಪಿರಿಟ್ ಬಾಟ್ಲಿತ್ತು ಸಾ. ಅದು ಒಡ್ದು ಅವ್ರ ಮೈಮ್ಯಾಲೆ ಚೆಲ್ಲೋಯ್ತು. ಅದ್ರ ವಾಸ್ನೆ.”

“ಮತ್ತೆ ಆಫ್ ಯಾಕೆ ಮಾಡ್ಲಿಲ್ಲ?”

“ಆನೆ ದೂರ ಇತ್ತು, ಬಿದಿರು ಮುರೀತಾ ಇತ್ತು. ಆಪ್ ಮಾಡಿ ಸಾ, ಆಪ್ ಮಾಡಿ ಸಾ ಅಂತ ಬೆನ್ನು ಗುದ್ದಿದೆ. ‘ಬಿಸಿಯಾಗಿದೆ ಕಣೋ ಮಾದ, ಆಮೇಲೆ ಏಳಲ್ಲ. ಈ ಕಾಡಲ್ಲಿ ಆಫ್ ಮಾಡಲ್ಲ ಅಂತ ಆಣೆ ಮಾಡಿದೀನಿ’ ಅಂದ್ರು. ತಿರುಗ್ಸಕ್ಕೆ ನೋಡುದ್ರು. ಸದ್ದಿಗೆ ಅದು ಬಂದ್ಬುಡ್ತು. ನಾನು ಅಳ್ಳಕ್ಕೆ ಆರ್ಕಂಡೆ. ಅಮ್ಮಾವ್ರಿಗೆ ಯಾವ ಮೊಕ ತೋರ್ಸ್ಲಿ ಸಾ?”

ಅವನು ಮುಖ ಮುಚ್ಚಿಕೊಂಡು ಅತ್ತ. ಯಾವ ಆಣೆ ಎಂದು ಅವನಿಗೆ ಗೊತ್ತಿರಲಿಲ್ಲ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಕುಡಿದಿರಲಿಲ್ಲ ಎಂಬ ಒಂದು ಮಾತು ಸಿಕ್ಕಿತ್ತು, ನನಗೆ ಅಷ್ಟು ಸಾಕಾಗಿತ್ತು.

ಅವನು ಹೇಳಿದ ಗುರುತು ಹಿಡಿದು ಒಬ್ಬನೇ ಕಾಡಿನ ತಿರುವಿನವರೆಗೆ ಹೋದೆ. ಬಿದಿರು ಒಣಗಿ ನಿಂತಿತ್ತು. ದಾರಿಯ ಅಂಚಿನಲ್ಲಿ ಕಂದು ಬಣ್ಣದ ಬಾಟಲಿಯ ಚೂರುಗಳು ಇನ್ನೂ ಬಿದ್ದಿದ್ದವು. ಇಳಿದು ಕೈಮುಗಿಯೋಣವೆನಿಸಿತು. ಇಳಿದರೆ ಇಂಜಿನ್ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿ ಕೂತಲ್ಲೇ ಕೈಮುಗಿದೆ. ಅಲ್ಲಿ ಆನೆ ಬಂದಿದ್ದರೆ ನಾನೂ ಆಫ್ ಮಾಡುತ್ತಿರಲಿಲ್ಲ.

ಅಲ್ಲಿಂದ ನೇರ ಯಳಂದೂರಿಗೆ ಬಿಟ್ಟೆ. ಹನೂರಿನಲ್ಲಾಗಲಿ ಕೊಳ್ಳೇಗಾಲದಲ್ಲಾಗಲಿ ನೀರಿಗೂ ಇಳಿಯಲಿಲ್ಲ. ಬಿಳಿಗಿರಿರಂಗನ ಬೆಟ್ಟ ಎಡಗಡೆ ಬಿಸಿಲಲ್ಲಿ ಮಸುಕಾಗಿತ್ತು. ಅಕ್ಕನಿಗೆ ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆಂದು ನನ್ನ ಮನಸ್ಸು ಹಗುರವಾಗಿತ್ತು. ಹೇಳಿ, ಹಾಗೇ ಮೈಸೂರಿನ ದಾರಿ ಹಿಡಿಯುವ ಯೋಚನೆಯಿಂದ ಗಾಡಿಯನ್ನು ಓಡುತ್ತಿರುವಂತೆಯೇ ಜಗಲಿಯ ಪಕ್ಕ ನಿಲ್ಲಿಸಿದೆ.

ಮೊದಲು ಓಡಿ ಬಂದದ್ದು ಮಗು. ಹೊಸ್ತಿಲ ಮೇಲೆ ನಿಂತು ಗಾಡಿಯನ್ನು ನೋಡಿತು, ನನ್ನನ್ನು ನೋಡಿತು, ಒಳಗೆ ಹೋಯಿತು.

ಮಾದ ಹೇಳಿದ್ದನ್ನೆಲ್ಲ ಅತ್ತೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಸ್ಪಿರಿಟ್ಟಿನ ಮಾತು ಕೇಳಿ ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕ ಅಳಲಿಲ್ಲ.

“ಆಣೆ ಅಂದ್ರಾ?” ಎಂದು ಕೇಳಿದಳು.

“ಹೂಂ. ಏನೋ ಆಣೆಯಂತೆ.”

“ಹೋದ ವರ್ಷ ಮಗೂಗೆ ಜ್ವರ ಬಂದಾಗ ಅದೇ ಕಾಡಲ್ಲಿ ಆಫ್ ಮಾಡಿದ್ರು. ಗಾಡಿ ಏಳ್ಲೇ ಇಲ್ಲ. ಮಗು ಮಡಿಲಲ್ಲಿ ಬೆಂಕಿಯಂಗೆ ಸುಡ್ತಿತ್ತು, ಇಂಜಿನ್ ಆರೋ ತನಕ ಕಾದ್ವಿ. ಮನೆಗೆ ಬಂದ್ಮೇಲೆ ಮಗೂ ತಲೆ ಮುಟ್ಟಿಸಿ ನಾನೇ ಆಣೆ ಹಾಕಿಸ್ದೆ, ಆ ಕಾಡಲ್ಲಿ ಏನೇ ಬರ್ಲಿ ಇನ್ಮೇಲೆ ಆಫ್ ಮಾಡಕೂಡ್ದು ಅಂತ. ಅದೇ ಇರಬಹುದೇನೋ ಅಂತ ದಿನಾ ಅನ್ನಿಸ್ತಿತ್ತು. ಕುಡಿದಿದ್ರು ಅಂತ ನೀನು ಬಂದು ಹೇಳಿದ್ರೆ ಚೆನ್ನಾಗಿತ್ತು ಕಣೋ.”

ಹೊರಗೆ ಗಾಡಿ ಬಡಿದುಕೊಳ್ಳುತ್ತಲೇ ಇತ್ತು.

“ಹೋಗು, ಮೊದ್ಲು ಅದ್ನ ಆಫ್ ಮಾಡು,” ಎಂದಳು.

ಆಫ್ ಮಾಡಿದೆ. ಅದನ್ನು ಮತ್ತೆ ಹತ್ತುವ ಮನಸ್ಸಾಗಲಿಲ್ಲ. ಸಂಜೆಯ ಬಸ್ಸಿಗೆಂದು ನಡೆದೇ ಹೊರಟೆ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅಕ್ಕ ಜಗಲಿಯಿಂದ ಇಳಿದಿದ್ದಳು. ನಾನು ಸೀಟಿನ ಹಿಂದೆ ಕಟ್ಟಿದ್ದ, ಪುಟ್ಟಬಸಪ್ಪ ಕೊಟ್ಟ ಗೋಣಿಯನ್ನು ಬಿಚ್ಚಿ ಬಿಂದಿಗೆ ನೀರಲ್ಲಿ ನೆನೆಸಿ, ಇಂಜಿನ್ನಿನ ಮೇಲೆ ಹರಡುತ್ತಿದ್ದಳು.