ಜೋಮು ಹಿಡಿದ ಎರಡು ಬೆರಳು

ಬೆಳಿಗ್ಗೆ ಕುರ್ಚಿಯ ಮರದ ತೋಳಿಗೆ ಮೊಣಕೈ ಊರಿ ಪತ್ರಿಕೆ ಓದುತ್ತಿರುತ್ತೀರಿ. ಕಿರುಬೆರಳು ಜೋಮು ಹಿಡಿಯುತ್ತದೆ, ಕೈ ಕೊಡವಿ ಮುಂದಿನ ಪುಟಕ್ಕೆ ಹೋಗುತ್ತೀರಿ. ನಿದ್ದೆಯಲ್ಲೂ ದೇಹ ತಾನಾಗಿ ಮಗ್ಗುಲು ಬದಲಿಸಿಕೊಳ್ಳುತ್ತದೆ. ನಾನು ಕೊಡುವ ನಿದ್ದೆಯಲ್ಲಿ ಮಾತ್ರ ಆ ಭಾಗ್ಯವಿಲ್ಲ. ಮಲಗಿದವರ ಪರವಾಗಿ ಇನ್ನೊಬ್ಬರು ಎಚ್ಚರವಿರಬೇಕು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆಯಾದ ನನಗೆ ಇದು ಪುಸ್ತಕದಿಂದ ಗೊತ್ತಿತ್ತು. ಮನಸ್ಸಿಗೆ ತಟ್ಟಿಸಿದವಳು ಸಂಡೂರಿನ ಗಂಗಿಬಾಯಿ.

ಕನ್ನಡಿ ಕೂರಿಸಿ ಲಂಬಾಣಿ ಕಸೂತಿ ಹಾಕುವ ಹೆಂಗಸು. ಆಕೆಯ ಹೊಟ್ಟೆಯ ಗಡ್ಡೆ ತೆಗೆಯಲು ನಾಲ್ಕು ತಾಸು ಹಿಡಿಯಿತು. ಮೊಣಕೈ ಕೆಳಗೆ ಮೆತ್ತೆ ಇಟ್ಟಿದ್ದೆ. ನಡುವೆ ಮೇಜು ವಾಲಿಸಿದಾಗ ಅದು ಸರಿದದ್ದು ಕೊನೆಗೆ ಹೊದಿಕೆ ತೆಗೆದಾಗಲೇ ಕಂಡಿತು. ಮರುದಿನ ಆಕೆ ಎಡಗೈಯ ಕೊನೆಯ ಎರಡು ಬೆರಳು ಚಾಚಿ, "ಇವು ನನ್ನವು ಅನ್ನಸವಲ್ಲವು ರೀ, ಡಾಕ್ಟರಮ್ಮ," ಎಂದಳು.

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, ಮೊಣಕೈಯ ನರ ಒತ್ತಿಹೋಗಿದೆ, ನೋಡಿಕೊಳ್ಳಬೇಕಿದ್ದವಳು ನಾನೇ ಎಂದು ಹೇಳಿದೆ. ಆಕೆ ಹೊದ್ದ ಬಟ್ಟೆಯ ಅಂಚನ್ನು ಆ ಬೆರಳುಗಳಿಂದ ಹಿಡಿದು ತೋರಿಸಿದಳು.

"ಅರಿಬಿ ಬಿಗಿ ಹಿಡಿಯೋವು ಇವ ಬೆರಳ್ರಿ. ತಿರುಗಿ ಬರ್ತಾವೇನು?"

ಬಹುಪಾಲು ಬರುತ್ತವೆ, ಆದರೆ ಮಾತು ಕೊಡಲಾರೆ ಎಂದೆ.

ನರತಜ್ಞರು ನೋಡಿ, ಬಲ ಉಳಿದಿದೆ, ಸ್ಪರ್ಶ ಮಾತ್ರ ಹೋಗಿದೆ, ಕಾಯೋಣ ಎಂದರು. ಮೊಣಕೈ ಊರಬಾರದು, ಹೆಚ್ಚು ಹೊತ್ತು ಮಡಚಬಾರದು, ಮಲಗುವಾಗ ಟವೆಲ್ ಸುತ್ತಿ ನೇರವಾಗಿಡಬೇಕು. ಆಕೆ ವಾರಕ್ಕೊಮ್ಮೆ ಬಸ್ ಹತ್ತಿ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾನು ಹತ್ತಿಯ ಎಳೆಯಿಂದ ಬೆರಳು ಸವರುತ್ತಿದ್ದೆ. ಇಲ್ಲ ಎಂಬಂತೆ ತಲೆಯಾಡಿಸುತ್ತಿದ್ದಳು.

ಅಷ್ಟರಲ್ಲಿ ನಮ್ಮ ಶಸ್ತ್ರಚಿಕಿತ್ಸಾ ಕೋಣೆಯ ರೂಢಿಯೇ ಬದಲಾಯಿತು. ಈಗ ಮದ್ದು ಕೊಡುವ ಮೊದಲೇ ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಕೈ ಹೀಗಿದ್ದರೆ ಹಿತವೇ ಎಂದು ಅವರನ್ನೇ ಕೇಳುತ್ತೇವೆ. ತೋಳು ಅತಿಯಾಗಿ ಅಗಲಿಸುವುದಿಲ್ಲ, ಅಂಗೈ ಮೇಲ್ಮುಖ. ಮೇಜು ಅಲುಗಿಸಿದಾಗಲೆಲ್ಲ ಹೊದಿಕೆಯೊಳಗೆ ಕೈ ಹಾಕಿ ಮುಟ್ಟಿ ನೋಡುತ್ತೇವೆ. ಮೊದಮೊದಲು ಗೊಣಗಿದ ಸರ್ಜನ್ ಈಗ ತಾವೇ ಕೈ ತಡೆದು, "ಮೊಣಕೈ ನೋಡಿದ್ರೇನು?" ಎನ್ನುತ್ತಾರೆ, ನನಗೆ ಹಿಗ್ಗೋ ಹಿಗ್ಗು.

ಆರನೆಯ ವಾರ. ಹತ್ತಿ ಕಿರುಬೆರಳಿಗೆ ತಾಗಿತೋ ಇಲ್ಲವೋ, ಗಂಗಿಬಾಯಿಯ ತುಟಿ ಅರಳಿತು. ಮತ್ತೊಮ್ಮೆ ಸವರಿದೆ.

"ಕಚಗುಳಿ ಇಡಬ್ಯಾಡ್ರಿ," ಎಂದಳು, ಕಣ್ಣು ಮುಚ್ಚಿಕೊಂಡೇ.

ನಾವಿಬ್ಬರೂ ನಕ್ಕ ರಭಸಕ್ಕೆ ಹೊರಗೆ ಸರದಿಯಲ್ಲಿದ್ದವರು ಬಾಗಿಲು ತಳ್ಳಿ ಇಣುಕಿದರು.